ಮೆಟ್ಟಿಲ ಕೆಳಗಿನ ಸ್ವಿಚ್ಚು

ಪರಿಣತ ಎನಿಸಿಕೊಳ್ಳಬೇಕಾದರೆ ಓದಿರಬೇಕು, ಅನುಭವ ಇರಬೇಕು, ನಾಲ್ಕು ಜನ ಒಪ್ಪಬೇಕು ಎಂದೆಲ್ಲ ತಿಳಿದವರು ಹೇಳುತ್ತಾರೆ. ನಮ್ಮ ಕಥಾನಾಯಕನಿಗೆ ಒಂದು ಒದ್ದೆ ಛತ್ರಿ ಸಾಕಾಯಿತು.

ಆತ ಬಣ್ಣದ ಕಂಪನಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಡಬ್ಬಿಗಳನ್ನು ಒಳಗೆ ತೆಗೆದುಕೊಳ್ಳುವುದು, ಹೊರಗೆ ಕಳಿಸುವುದು, ಮಧ್ಯದಲ್ಲಿ ಯಾವುದಾದರೂ ಸೋರಿದರೆ ಒರೆಸಿಸುವುದು, ಇಷ್ಟೇ ಆತನ ಕೆಲಸ. ಇಂಟರ್ನೆಟ್ಟಿಗೂ ಆತನಿಗೂ ಇದ್ದ ಸಂಬಂಧ ದೂರದ ನೆಂಟರ ಸಂಬಂಧದಂತಿತ್ತು: ಇದ್ದಾರೆ ಎಂದು ಗೊತ್ತು, ಏನು ಮಾಡುತ್ತಾರೆಂದು ಗೊತ್ತಿಲ್ಲ. ಹೀಗಿರುವಾಗ ಒಂದು ಮಳೆಯ ಸಂಜೆ ಕೆಲಸ ಮುಗಿಸಿ ಬಂದವನು, ತಾನಿದ್ದ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಛತ್ರಿ ಒರಗಿಸಿಡಲು ಬಗ್ಗಿದ. ಆ ಗೂಡಿನಲ್ಲಿ ಒಂದು ಪೊರಕೆ, ಒಡೆದ ಬಕೆಟ್ಟು, ಯಾರೋ ಬಿಟ್ಟುಹೋದ ಮೂರು ಚಕ್ರದ ಸೈಕಲ್ಲು ಇದ್ದವು. ಗೋಡೆಗೆ ಒಂದು ಬೂದು ಬಣ್ಣದ ಡಬ್ಬಿ ಜಡಿದಿದ್ದರು. ಕಟ್ಟಡದ ಎಲ್ಲ ಮನೆಗಳಿಗೂ ಇಂಟರ್ನೆಟ್ಟು ಹಂಚುವುದು ಆ ಡಬ್ಬಿಯೇ. ಅದಕ್ಕೆ ಕರೆಂಟು ಬರುವುದು ಪಕ್ಕದ ಒಂದು ಸ್ವಿಚ್ಚಿನಿಂದ. ಛತ್ರಿಯ ಹಿಡಿ ಆ ಸ್ವಿಚ್ಚಿಗೆ ತಗುಲಿ ಟಕ್ಕೆಂದು ಆಫ್ ಆಯಿತು. ಆತ ಗಾಬರಿಬಿದ್ದು ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಆನ್ ಮಾಡಿದ.

ಕೆಳಮನೆಯಲ್ಲಿದ್ದ ರಿಟೈರಾದ ಲೆಕ್ಕದ ಮೇಷ್ಟ್ರ ಮನೆಗೆ ಅವತ್ತು ಬೆಳಗಿನಿಂದ ಇಂಟರ್ನೆಟ್ಟು ಇರಲಿಲ್ಲ. ಆತ ಬಟ್ಟೆಯ ಧೂಳು ಕೊಡವಿಕೊಂಡು ಗೂಡಿನಿಂದ ಹೊರಬರುವುದಕ್ಕೂ ಮೇಷ್ಟ್ರು "ಬಂತು! ಬಂತು!" ಎಂದು ಕೂಗುತ್ತ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

"ಏನ್ರೀ ಮಾಡಿದ್ರಿ ಅಲ್ಲಿ?"

ಛತ್ರಿ ಇಟ್ಟೆ ಎಂದು ಹೇಳಲು ಆತನಿಗೆ ಬೇಕಾದಷ್ಟು ಸಮಯವಿತ್ತು. ಆತ ಹೇಳಿದ್ದು, "ಏನಿಲ್ಲ ಮೇಷ್ಟ್ರೇ, ಸ್ವಲ್ಪ ನೋಡ್ದೆ."

ಆ 'ಸ್ವಲ್ಪ' ಆತನನ್ನು ಮುಳುಗಿಸಿತು. ಎಲ್ಲ ನೋಡಿದೆ ಅಂದಿದ್ದರೆ ಜನ ಅನುಮಾನಪಡುತ್ತಿದ್ದರು. ಸ್ವಲ್ಪ ನೋಡಿಯೇ ಸರಿಮಾಡುವವನು ಪೂರ್ತಿ ನೋಡಿದರೆ ಏನಾಗಬಹುದು ಎಂದು ಮೇಷ್ಟ್ರು ಇಡೀ ಕಟ್ಟಡಕ್ಕೆ ವಿವರಿಸಿದರು. ಅಂದಿನಿಂದ ಆತ ಎಕ್ಸ್‌ಪರ್ಟ್. ಹೆಸರು ಹಿಡಿದು ಕರೆಯುವುದನ್ನು ಜನ ಬಿಟ್ಟೇಬಿಟ್ಟರು.

ಪದವಿಯೇನೋ ಬಂತು, ಅದರ ಹಿಂದೆಯೇ ಕೆಲಸವೂ ಬಂತು. ಮೇಲ್ಮನೆಯ ಟೈಲರಕ್ಕನ ಕರೆಂಟಿನ ಹೊಲಿಗೆ ಮೆಷಿನ್ನು, ಎದುರುಮನೆಯ ಇನ್ಶೂರೆನ್ಸ್ ಏಜೆಂಟನ ಪ್ರಿಂಟರು, ಮೇಷ್ಟ್ರ ಕಿವಿಯ ಮೆಷಿನ್ನು, ಎಲ್ಲಕ್ಕೂ ಎಕ್ಸ್‌ಪರ್ಟನೇ ಬೇಕು. ಗೋದಾಮಿನಿಂದ ಸೊಂಟ ಹಿಡಿದುಕೊಂಡು ಬರುವ ಮನುಷ್ಯ ಎಷ್ಟು ಮನೆ ಹತ್ತಿ ಇಳಿದಾನು? ಕೊನೆಗೆ ಸಾಕಾಗಿ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ವಿದ್ಯೆ ಧಾರೆಯೆರೆದ: "ನೆಟ್ ಹೋದ್ರೆ ನನ್ನನ್ನ ಕಾಯ್ಬೇಡಿ. ಮೆಟ್ಟಿಲ ಕೆಳಗೆ ಡಬ್ಬಿ ಇದೆಯಲ್ಲ, ಅದರ ಸ್ವಿಚ್ ಆಫ್ ಮಾಡಿ, ಹತ್ತರವರೆಗೆ ಎಣಿಸಿ, ಆನ್ ಮಾಡಿ. ಆದ್ರೆ ನೋಡಿ, ಇದು ನಿಮಗೆ ಮಾತ್ರ. ಬೇರೆಯವರಿಗೆ ಗೊತ್ತಾದ್ರೆ ಕೈಹಾಕಿ ಕೆಡಿಸಿಬಿಡ್ತಾರೆ."

ಪ್ರತಿಯೊಬ್ಬರೂ ಧನ್ಯರಾದರು. ಪ್ರತಿಯೊಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಕಟ್ಟಡದಲ್ಲಿ ಇಷ್ಟು ನಿಷ್ಠೆಯಿಂದ ಕಾಪಾಡಿದ ಗುಟ್ಟು ಇನ್ನೊಂದಿರಲಿಲ್ಲ.

ಇದೆಲ್ಲ ಹಳೆಯ ಮಾತು. ಈಗ ಎಕ್ಸ್‌ಪರ್ಟನ ಮನೆಯಲ್ಲೇ ಇಂಟರ್ನೆಟ್ಟು ಹೋಗುತ್ತಿತ್ತು. ಹೋಗುತ್ತಿತ್ತು, ಬರುತ್ತಿತ್ತು, ಬಂತಲ್ಲ ಎಂದು ಕುರ್ಚಿಗೆ ಒರಗುವಷ್ಟರಲ್ಲಿ ಮತ್ತೆ ಹೋಗುತ್ತಿತ್ತು.

ಬೇರೆ ಸಮಯವಾಗಿದ್ದರೆ ಹೇಗೋ ತಳ್ಳಬಹುದಿತ್ತು. ಆದರೆ ಆತನ ಹೆಂಡತಿಗೆ ಇಂಟರ್‌ವ್ಯೂ ಇತ್ತು. ಆಕೆ ದೊಡ್ಡ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮದುವೆಯಾದ ಮರುವರ್ಷದಿಂದ ರಾತ್ರಿ ಪಾಳಿ. ಆಕೆ ಮನೆಗೆ ಬರುವಾಗ ಈತ ಚಪ್ಪಲಿ ಹಾಕಿಕೊಳ್ಳುತ್ತಿರುತ್ತಾನೆ. ಈತ ಬರುವಾಗ ಆಕೆ ಚಪ್ಪಲಿ ಹಾಕಿಕೊಳ್ಳುತ್ತಿರುತ್ತಾಳೆ. ಸಂಸಾರದ ಮಾತುಗಳೆಲ್ಲ ಚಪ್ಪಲಿ ಸ್ಟ್ಯಾಂಡಿನ ಹತ್ತಿರವೇ ನಡೆಯುತ್ತಿದ್ದವು: "ಗ್ಯಾಸ್ ಬಂತಾ?" "ಬಂತು." "ಅಮ್ಮನ ಮಾತ್ರೆ?" "ತಂದೆ." "ಸರಿ, ಬರ್ತೀನಿ." ಈಗ ಲ್ಯಾಬಿನ ಸೂಪರ್‌ವೈಸರ್ ಜಾಗ ಖಾಲಿಯಾಗಿತ್ತು. ಅದು ಹಗಲು ಪಾಳಿ. ಸಿಕ್ಕಿದರೆ ಸಂಜೆ ದೀಪ ಹಾಕುವ ಹೊತ್ತಿಗೆ ಆಕೆ ಮನೆಯಲ್ಲಿರುತ್ತಾಳೆ. ಸಿಗದಿದ್ದರೆ ಚಪ್ಪಲಿ ಸ್ಟ್ಯಾಂಡು ಇದ್ದೇ ಇದೆ.

ಇಂಟರ್‌ವ್ಯೂ ಮಾಡುವವರು ದೂರದ ಹೆಡ್ಡಾಫೀಸಿನ ಮೂವರು, ಕಂಪ್ಯೂಟರಿನ ಪರದೆಯ ಮೇಲೆಯೇ ಮಾತು. ಮಧ್ಯದಲ್ಲಿ ಯಾರ ಲೈನು ತಪ್ಪುತ್ತದೋ ಅವರನ್ನು ಬಿಟ್ಟು ಮುಂದಿನವರನ್ನು ಕರೆಯುತ್ತೇವೆ, ಮತ್ತೆ ಕರೆಯುವ ಪದ್ಧತಿ ಇಲ್ಲ ಎಂದು ಮೊದಲೇ ತಿಳಿಸಿದ್ದರು.

"ರೀ," ಎಂದಳು ಹೆಂಡತಿ ಬೆಳಿಗ್ಗೆ ಬಂದವಳು, ಚಪ್ಪಲಿ ಬಿಡುತ್ತ. "ಕೇಳೋ ಪ್ರಶ್ನೆಗಳಿಗೆ ನಾನು ಹೆದರಲ್ಲ. ಅದೊಂದು ನಡುವೆ ಹೋಗ್ಬಾರ್ದು ಅಷ್ಟೆ. ಕಂಪನಿಗೆ ಫೋನ್ ಮಾಡ್ತೀರಾ, ಇಲ್ಲ ನಾನೇ ಮಾಡ್ಲಾ?"

"ಕಂಪನಿ ಯಾಕೆ? ನಾನಿಲ್ವಾ?"

ಆಕೆ ಒಂದು ಗಳಿಗೆ ಆತನನ್ನೇ ನೋಡಿದಳು. ನಿದ್ದೆಗೆಟ್ಟ ಕಣ್ಣುಗಳು. ವಾದಮಾಡಲು ಬೇಕಾದ ಶಕ್ತಿ ಆ ಕಣ್ಣುಗಳಲ್ಲಿ ಇರಲಿಲ್ಲ. "ಸರಿ," ಎಂದು ಒಳಗೆ ಹೋಗಿ ಮಲಗಿದಳು.

ಎಕ್ಸ್‌ಪರ್ಟ್ ಗೋದಾಮಿಗೆ ಎರಡು ದಿನ ರಜೆ ಹೇಳಿ ಕೆಲಸಕ್ಕಿಳಿದ. ಮೊದಲು ರೌಟರನ್ನು ಫ್ರಿಜ್ಜಿನ ಮೇಲಿಟ್ಟ. ಅಲ್ಲಿಂದ ಕಿಟಕಿಗೆ ತಂದ. ಕಿಟಕಿಯಿಂದ ಅಟ್ಟಕ್ಕೆ ಏರಿಸಿದ. ಅದರ ಕೊಂಬುಗಳನ್ನು ಒಮ್ಮೆ ನೆಟ್ಟಗೆ ನಿಲ್ಲಿಸಿದ, ಒಮ್ಮೆ ಮಲಗಿಸಿದ, ಒಮ್ಮೆ ಒಂದನ್ನು ನಿಲ್ಲಿಸಿ ಒಂದನ್ನು ಮಲಗಿಸಿದ. ಅವರ ಜೊತೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಇದನ್ನೆಲ್ಲ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ಅಳಿಯಂದ್ರೇ, ಅದನ್ನ ತೊಟ್ಟಿಲಲ್ಲಿ ಹಾಕಿ ತೂಗಿ ನೋಡಿ. ಹಲ್ಲು ಬರ್ತಿರಬಹುದು."

ಅಟ್ಟದ ಮೇಲೂ ಅದು ಅಳುತ್ತಲೇ ಇತ್ತು. ಎಕ್ಸ್‌ಪರ್ಟ್ ಯಾರಿಗೂ ಕಾಣದಂತೆ ಕೆಳಗಿಳಿದು ತನ್ನ ಬ್ರಹ್ಮಾಸ್ತ್ರವನ್ನೇ ಪ್ರಯೋಗಿಸಿದ: ಆಫ್, ಹತ್ತು, ಆನ್. ಸ್ವಲ್ಪ ಹೊತ್ತು ಬಂತು. ಆಮೇಲೆ ಹೋಯಿತು. ಮತ್ತೆ ಇಳಿದ. ಮತ್ತೆ ಹತ್ತಿದ. ಮೊಣಕಾಲು ಮಾತಾಡತೊಡಗಿದ ಮೇಲೆ, ಸೋತು ಕಂಪನಿಗೇ ಫೋನ್ ಮಾಡಿದ. ಆದರೆ ಎಕ್ಸ್‌ಪರ್ಟ್ ಅನ್ನಿಸಿಕೊಂಡವನು ಕಂಪನಿಗೆ ಫೋನ್ ಮಾಡಿದ್ದು ಎದುರುಮನೆಯ ಏಜೆಂಟನ ಕಿವಿಗೆ ಬಿದ್ದರೆ ಗತಿಯೇನು? ಅದಕ್ಕೆ ಬಚ್ಚಲುಮನೆ ಸೇರಿ ಬಾಗಿಲು ಹಾಕಿಕೊಂಡ. ರೌಟರಿನ ಮುಂದೆ ಅತ್ತೆಯನ್ನು ಕೂರಿಸಿದ.

"ಸರ್," ಎಂದಿತು ಫೋನಿನಲ್ಲಿ ಒಂದು ಹೆಣ್ಣು ದನಿ, "ಮೂರನೇ ಲೈಟ್ ಯಾವ ಬಣ್ಣ ಇದೆ?"

ಎಕ್ಸ್‌ಪರ್ಟ್ ಬಾಗಿಲ ಸಂದಿಯಿಂದ ಪಿಸುಗುಟ್ಟಿದ. "ಅತ್ತೇ, ಮೂರನೇದು ಯಾವ ಬಣ್ಣ?"

"ಕೆಂಪು!" ಅತ್ತೆಗೆ ಪಿಸುಮಾತು ಬರುತ್ತಿರಲಿಲ್ಲ.

"ಯಾವ ಕೆಂಪು?"

"ಕೆಂಪು ಅಂದ್ರೆ ಕೆಂಪು! ಇಟ್ಟಿಗೆ ಇದ್ದ ಹಾಗಿದೆ!"

"ಮೇಡಂ, ಇಟ್ಟಿಗೆ ಬಣ್ಣ."

"ಅಂದ್ರೆ ಕೆಂಪಾ ಸರ್?"

"ಕೆಂಪಲ್ಲ ಮೇಡಂ. ಕೆಂಪೇ ಬೇರೆ, ಇಟ್ಟಿಗೇನೇ ಬೇರೆ. ಇದರಲ್ಲಿ ಸ್ವಲ್ಪ ಕಂದು ಬೆರೆತಿರುತ್ತೆ. ಕಾಂಪೌಂಡ್ ಗೋಡೆಗೆ ಹೊಡೀತಾರಲ್ಲ, ಅದು."

"ಸರ್, ನಮ್ಮಲ್ಲಿ ಎರಡೇ ಬಣ್ಣ. ಹಸಿರಾ, ಕೆಂಪಾ?"

"ಎರಡೇನಾ?" ಎಕ್ಸ್‌ಪರ್ಟನಿಗೆ ನಿಜವಾಗಿಯೂ ಬೇಸರವಾಯಿತು. "ಇಷ್ಟು ದೊಡ್ಡ ಕಂಪನಿ, ಎರಡೇ ಬಣ್ಣಾನಾ? ನಮ್ಮಲ್ಲಿ ಬಿಳಿ ಒಂದರಲ್ಲೇ ಇಪ್ಪತ್ತು ತರ ಇಟ್ಟಿದೀವಿ."

"ಅಳಿಯಂದ್ರೇ, ಹಸಿರಾಯ್ತು!"

"ಮೇಡಂ, ಹಸಿರಂತೆ."

"ಹಾಗಾದ್ರೆ ಸರಿಹೋಯ್ತು ಸರ್! ನಮ್ಮ ಸೇವೆ ನಿಮಗೆ ತೃಪ್ತಿ ತಂದಿದ್ರೆ ಒಂದನ್ನ..."

"ಮತ್ತೆ ಇಟ್ಟಿಗೆ!" ಎಂದರು ಅತ್ತೆ. ಆ ದನಿಗೆ ಮೇಲ್ಮನೆಯ ಹೊಲಿಗೆ ಮೆಷಿನ್ನು ಕೂಡ ನಿಂತಿತು.

ಬಚ್ಚಲಿನಿಂದ ಹೊರಬಂದಾಗ ಬಾಗಿಲಲ್ಲಿ ಏಜೆಂಟ್ ನಿಂತಿದ್ದ. "ಏನ್ ಸಾರ್, ಮನೆ ಕಟ್ಟಿಸ್ತಿದೀರಾ? ಇಟ್ಟಿಗೆ ಅಂತಿದ್ರು. ಮನೆಗೆ ಒಳ್ಳೆ ಪಾಲಿಸಿ ಇದೆ ನನ್ನ ಹತ್ರ."

ಮರುದಿನ ಕಂಪನಿ ಒಬ್ಬ ಲೈನ್‌ಮನ್ನನ್ನು ಕಳಿಸಿತು. ಎಕ್ಸ್‌ಪರ್ಟ್ ಗೇಟಿನಲ್ಲೇ ಕಾದಿದ್ದ. ಬಂದಾತನಿಗೆ ಮೀಸೆ ನರೆತಿತ್ತು, ಬೆನ್ನು ಬಾಗಿತ್ತು. ಹೆಗಲಿಗೊಂದು ಚೀಲ, ಅಂಗಿಯ ಬೆನ್ನಿಗೆ ಅಗಲ ಅಕ್ಷರದಲ್ಲಿ ಕಂಪನಿಯ ಹೆಸರು. ಆ ಹೆಸರು ಮೆಟ್ಟಿಲು ಹತ್ತಿದರೆ ತನ್ನ ಹೆಸರು ಇಳಿಯುತ್ತದೆ ಎಂದು ಎಕ್ಸ್‌ಪರ್ಟನಿಗೆ ತಿಳಿದಿತ್ತು. ಹೆಂಡತಿ ಮೂರು ಚಳಿಗಾಲ ಕೂತು ಹೆಣೆದ ತನ್ನ ಸ್ವೆಟರನ್ನು ಕಂಕುಳಿಂದ ತೆಗೆದು ಆತನ ಕೈಗಿಟ್ಟ.

"ಸ್ವಲ್ಪ ಇದನ್ನ ಹಾಕ್ಕೊಳ್ಳಿ."

"ಸೆಖೆ ಇದೆಯಲ್ಲ ಸಾರ್."

"ಮೇಲೆ ಚಳಿ ಇದೆ."

ಅಷ್ಟರಲ್ಲಿ ಮೇಷ್ಟ್ರು ಹೊರಬಂದೇಬಿಟ್ಟರು. "ಯಾರ್ರೀ ಇವರು?"

"ಇವರು..." ಎಕ್ಸ್‌ಪರ್ಟ್ ಸುತ್ತ ನೋಡಿದ. ಗೋಡೆಗಳು ಸಹಾಯಕ್ಕೆ ಬರಲಿಲ್ಲ. "ನನ್ನ ಹೆಂಡತಿ ಅಣ್ಣ."

ಲೈನ್‌ಮನ್ ಬಾಯಿ ತೆರೆದ. ಒಂದು ಕ್ಷಣ ಏನೋ ಯೋಚಿಸಿ ಮುಚ್ಚಿಕೊಂಡ. ಮೆಟ್ಟಿಲು ಹತ್ತುವಾಗ ಮೆಲ್ಲಗೆ ಹೇಳಿದ: "ಪರವಾಗಿಲ್ಲ ಸಾರ್. ಹೋದ ಮನೇಲೆಲ್ಲ ಬೈತಾರೆ. ಅಣ್ಣ ಅಂದಿದ್ದು ನೀವೇ ಮೊದಲು."

ನೆಂಟರು ಬಂದ ಸುದ್ದಿ ಅವರಿಗಿಂತ ಮುಂಚೆಯೇ ಮೆಟ್ಟಿಲು ಹತ್ತಿತ್ತು. ಲೈನ್‌ಮನ್ ಕುರ್ಚಿಯಲ್ಲಿ ಕೂತು ಒಂದು ಗುಟುಕು ಟೀ ಕುಡಿಯುವಷ್ಟರಲ್ಲಿ ಮೇಷ್ಟ್ರು, ಕೊರಳಲ್ಲಿ ಅಳತೆ ಟೇಪಿನೊಂದಿಗೆ ಟೈಲರಕ್ಕ, ಕೈಯಲ್ಲಿ ಪಾಲಿಸಿ ಕಾಗದಗಳೊಂದಿಗೆ ಏಜೆಂಟ್, ಮೂವರೂ ನಡುಮನೆಯಲ್ಲಿ ಹಾಜರಾದರು.

"ಅಮ್ಮಾ, ನಿಮಗೊಬ್ಬ ಮಗ ಇದ್ದದ್ದು ಹೇಳಲೇ ಇಲ್ವಲ್ಲ!" ಎಂದಳು ಟೈಲರಕ್ಕ.

ಅತ್ತೆ ತಮ್ಮ ಹೊಸ ಮಗನ ನರೆತ ಮೀಸೆಯನ್ನು ತುಂಬ ಹೊತ್ತು ನೋಡಿದರು. "ನನಗೂ ಈಗಲೇ ಗೊತ್ತಾಗಿದ್ದು," ಎಂದರು. ಆಮೇಲೆ ಅಳಿಯನ ಕಡೆ ತಿರುಗಿ, "ನನಗಿಂತ ಎರಡೋ ಮೂರೋ ವರ್ಷ ಚಿಕ್ಕೋನಿರಬೇಕು. ಇವನನ್ನ ಯಾವಾಗ ಹೆತ್ತೆ ಅಂತ ಸ್ವಲ್ಪ ನೋಡಿ ಹೇಳಿ ಅಳಿಯಂದ್ರೇ. ನೀವು ಎಕ್ಸ್‌ಪರ್ಟ್ ಅಲ್ವಾ?"

"ಅತ್ತೆಗೆ ಮರೆವು," ಎಂದ ಎಕ್ಸ್‌ಪರ್ಟ್.

"ಮಗನನ್ನ ಮರೆಯೋಷ್ಟಾ?" ಎಂದು ಮೇಷ್ಟ್ರು ಮರುಗಿದರು. ಏಜೆಂಟ್ ಆಗಲೇ ಆರೋಗ್ಯ ವಿಮೆಯ ಕಾಗದ ಹುಡುಕತೊಡಗಿದ್ದ.

ಲೈನ್‌ಮನ್ ಕಷ್ಟ ಸುಖ ಮಾತಾಡುತ್ತಲೇ, ಸ್ವೆಟರಿನೊಳಗೆ ಬೆವರುತ್ತಲೇ, ಫೋನಿನಲ್ಲಿ ಲೈನು ಪರೀಕ್ಷಿಸಿದ. ಆಶ್ಚರ್ಯವೆಂದರೆ ಅವರೆಲ್ಲ ಕೂತಿದ್ದಷ್ಟು ಹೊತ್ತೂ ಇಂಟರ್ನೆಟ್ಟು ಅಲುಗಾಡಲಿಲ್ಲ. ಮೂರನೇ ದೀಪ ಗಿಳಿಹಸಿರಾಗಿ ನಿಂತಿತ್ತು. ಟೀ ಮುಗಿಯಿತು, ಎರಡನೇ ಟೀ ಮುಗಿಯಿತು, ಟೈಲರಕ್ಕ ಹೊಸ ಅಣ್ಣನ ತೋಳಿನ ಅಳತೆ ತೆಗೆದುಕೊಂಡದ್ದೂ ಆಯಿತು. ದೀಪ ಕದಲಲಿಲ್ಲ.

"ಏನೂ ತೊಂದರೆ ಇಲ್ಲ... ಬಾವಾ," ಎಂದು ಲೈನ್‌ಮನ್ ಎದ್ದ. ಎದ್ದವನು ಸ್ವೆಟರಿನ ಸಮೇತ ಹೋದ. ಬಂದ ನೆಂಟನ ಮೈಮೇಲಿನ ಬಟ್ಟೆ ಎಲ್ಲರ ಎದುರು ಬಿಚ್ಚಿಸಿಕೊಳ್ಳುವುದಾದರೂ ಹೇಗೆ? ಅಕ್ಕಪಕ್ಕದವರೂ ತಮ್ಮ ತಮ್ಮ ಮನೆಗೆ ಹೊರಟರು. ಅವರ ಹೆಜ್ಜೆಯ ಸದ್ದು ಅಡಗಿ ಸ್ವಲ್ಪ ಹೊತ್ತಾಗಿತ್ತೋ ಇಲ್ಲವೋ, ಇಟ್ಟಿಗೆ.

ಒಳಗಿನ ಕೋಣೆಯಿಂದ ಹೆಂಡತಿಯ ನಿದ್ದೆಗಣ್ಣಿನ ದನಿ ಬಂತು. "ರೀ, ಯಾರು ಬಂದಿದ್ರು?"

"ನಿನ್ನ ಅಣ್ಣ."

"ನನಗೆ ಅಣ್ಣ ಇಲ್ಲ."

"ಗೊತ್ತು. ಮಲಗು."

"ನಾಳೆ ಮಧ್ಯಾಹ್ನ ರೀ," ಎಂದಳು ಆಕೆ. ಬೈಯುವ ದನಿಯಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಆತನಿಗನ್ನಿಸಿತು.

ಆತ ಮತ್ತೆ ಮೆಟ್ಟಿಲು ಇಳಿದ. ಗೂಡಿನೊಳಗೆ ತಲೆ ತೂರಿಸಿ ಇನ್ನೇನು ಸ್ವಿಚ್ಚಿಗೆ ಕೈ ಹಾಕಬೇಕು, ಮೇಲಿನಿಂದ ಯಾರೋ ಇಳಿಯುವ ಸದ್ದಾಯಿತು. ಎಕ್ಸ್‌ಪರ್ಟ್ ಸ್ವಿಚ್ ಆಫ್-ಆನ್ ಆಟ ಆಡುವುದನ್ನು ಯಾರಾದರೂ ನೋಡಿದರೆ ವಿದ್ಯೆಯ ಮರ್ಯಾದೆ ಏನಾದೀತು? ಆತ ಗೂಡಿನ ಒಳಮೂಲೆಗೆ ಸರಿದು, ಮೂರು ಚಕ್ರದ ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತ.

ಬಂದವಳು ಟೈಲರಕ್ಕ. ಹಿಂದೆ ಮುಂದೆ ನೋಡಿದಳು. ಸ್ವಿಚ್ ಆಫ್. ಟೇಪು ನೀವುತ್ತ ತುಟಿಯಲ್ಲೇ ಹತ್ತು ಎಣಿಸಿದಳು. ಆನ್. ಕಳ್ಳಹೆಜ್ಜೆಯಲ್ಲಿ ಹತ್ತಿಹೋದಳು. ಎಕ್ಸ್‌ಪರ್ಟ್ ಏಳಬೇಕೆನ್ನುವಷ್ಟರಲ್ಲಿ ಏಜೆಂಟ್ ಬಂದ, ಫೋನು ಕಿವಿಗಿಟ್ಟುಕೊಂಡೇ. "ಮೇಡಂ, ಒಂದೇ ನಿಮಿಷ, ಲೈನಲ್ಲಿರಿ, ನಮ್ಮ ಟೆಕ್ನಿಕಲ್ ಟೀಮ್ ಜೊತೆ ಮಾತಾಡ್ತಿದೀನಿ." ಆಫ್, ಆನ್. ಹತ್ತು ಎಣಿಸುವ ವ್ಯವಧಾನವೂ ಇಲ್ಲ. ಆತನ ಹಿಂದೆಯೇ ಮೇಷ್ಟ್ರು. ಅವರು ಸ್ವಿಚ್ ಆಫ್ ಮಾಡಿ, ಕಣ್ಣು ಮುಚ್ಚಿ, ಎಣಿಸತೊಡಗಿದರು. ಹತ್ತು ದಾಟಿತು. ಇಪ್ಪತ್ತು ದಾಟಿತು. ಹತ್ತರಿಂದ ಇಷ್ಟು ಗುಣವಾದರೆ ನೂರರಿಂದ ಎಷ್ಟಾಗಬೇಡ ಎಂಬುದು ಲೆಕ್ಕದ ಮೇಷ್ಟ್ರ ಸಿದ್ಧಾಂತ. ಅವರು ನೂರು ಮುಟ್ಟುವಷ್ಟರಲ್ಲಿ ಸೈಕಲ್ಲಿನ ಹಿಂದೆ ಎಕ್ಸ್‌ಪರ್ಟನ ಎರಡೂ ಕಾಲು ಜೋಮು ಹಿಡಿದಿದ್ದವು.

ಕಾಲು ಜೋಮು ಹಿಡಿದರೂ ತಲೆಗೆ ಬೆಳಕು ಬಿತ್ತು. ಆ ಡಬ್ಬಿ ಒಮ್ಮೆ ಆರಿದರೆ ಪೂರ್ತಿ ಎಚ್ಚರವಾಗಲು ಒಂದಿಷ್ಟು ಹೊತ್ತು ಬೇಕು. ಅಷ್ಟು ಹೊತ್ತು ಕಟ್ಟಡದ ಯಾವ ಮನೆಗೂ ಇಂಟರ್ನೆಟ್ಟಿಲ್ಲ. ಒಬ್ಬರು ಆರಿಸಿದ್ದರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಅವರು ಗುಟ್ಟಾಗಿ ಇಳಿದು ಬಂದು ಮತ್ತೆ ಆರಿಸುತ್ತಾರೆ. ಅದರಿಂದ ಮೂರನೆಯವರಿಗೆ ಹೋಗುತ್ತದೆ. ಕೊನೆಗೆ ಎಕ್ಸ್‌ಪರ್ಟ್ ತಾನೇ ಇಳಿದು ಬಂದು ಆಟವನ್ನು ಮೊದಲಿಂದ ಶುರುಮಾಡುತ್ತಾನೆ. ಎಲ್ಲರೂ ತನ್ನ ನಡುಮನೆಯಲ್ಲಿ ಟೀ ಕುಡಿಯುತ್ತ ಕೂತಾಗ ದೀಪ ಹಸಿರಾಗಿ ನಿಂತದ್ದು ಯಾಕೆಂದು ಈಗ ಹೊಳೆಯಿತು. ಅಲ್ಲಿ ಕಾಯಿಲೆಯೇ ಇರಲಿಲ್ಲ. ಇದ್ದದ್ದೆಲ್ಲ ಔಷಧಿಯೇ, ಅದೂ ತಾನೇ ಕೊಟ್ಟದ್ದು.

ಈಗ ಎಲ್ಲರನ್ನೂ ಕರೆದು ಹೇಳಿಬಿಡಬಹುದಿತ್ತು. ಆದರೆ ಸ್ವಿಚ್ಚಿನ ವಿದ್ಯೆ ನಿಮಗೆ ಯಾರು ಹೇಳಿಕೊಟ್ಟರು ಎಂದು ಅವರು ಪರಸ್ಪರ ಕೇಳಿಕೊಂಡರೆ? ಅದಕ್ಕೆ ಆತ ನಡುದಾರಿ ಹಿಡಿದ. ಮರುದಿನವೂ ರಜೆ ಹಾಕಿದ. ಮಧ್ಯಾಹ್ನ ಒಂದು ಸ್ಟೂಲು ತಂದು ಗೂಡಿನ ಬಾಯಿಗೆ ಅಡ್ಡ ಹಾಕಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತ.

ಮೇಲೆ ಹೆಂಡತಿ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ರಾತ್ರಿ ಪಾಳಿಯ ನಿದ್ದೆಯಿಲ್ಲದ ಮುಖಕ್ಕೆ ನೀರು ಹಾಕಿಕೊಂಡು, ಪರದೆಯ ಮುಂದೆ ಕೂತಿದ್ದಳು. ಬಾಗಿಲಲ್ಲಿ ಅತ್ತೆ, ಕಾವಲಿಗೆ.

ಮೊದಮೊದಲು ಎಲ್ಲ ಶಾಂತವಾಗಿತ್ತು. ಏಜೆಂಟ್ ಇಳಿದು ಬಂದು, ಸ್ಟೂಲಿನ ಮೇಲೆ ಎಕ್ಸ್‌ಪರ್ಟನನ್ನು ಕಂಡು, ಪೋಸ್ಟ್ ಬಂದಿದೆಯಾ ನೋಡೋಕೆ ಬಂದೆ ಎಂದ. ಟೈಲರಕ್ಕ ಬಂದು, ಸೂಜಿ ಬಿದ್ದಿತ್ತು ಎಂದಳು. ಮೇಷ್ಟ್ರು ಬಂದು, ಗಾಳಿಗೆ ಬಂದೆ ಎಂದರು, ಗಾಳಿ ಬಾರದ ಆ ಮೂಲೆಗೆ. ಇವರಿಗೆಲ್ಲ ಇಂಟರ್ನೆಟ್ಟು ಹೋಗಿರಲಿಲ್ಲ. ಹೋಗಬಹುದೆಂಬ ಮುನ್ನೆಚ್ಚರಿಕೆಯಿಂದ ದಿನಾ ಈ ಹೊತ್ತಿಗೆ ಒಂದು ಸಲ ಒತ್ತಿ ಹೋಗುವುದು ಎಲ್ಲರಿಗೂ ರೂಢಿಯಾಗಿತ್ತು. ಒಬ್ಬೊಬ್ಬರೂ ಉಳಿದಿಬ್ಬರು ಹೋಗಲೆಂದು ಕಾಯುತ್ತ ಅಲ್ಲೇ ನಿಂತರು.

ಅಷ್ಟರಲ್ಲಿ ಅತ್ತೆ ಮೇಲಿನಿಂದ ಮೆಟ್ಟಿಲ ಕಟಕಟೆ ಹಿಡಿದು ಬಗ್ಗಿದರು.

"ಅಳಿಯಂದ್ರೇ! ನಿಂತ್ಹೋಯ್ತು! ಪರದೇಲಿ ಮೂರೂ ಜನ ಬಾಯಿ ತಕ್ಕೊಂಡು ಹಾಗೇ ನಿಂತಿದಾರೆ, ಅಲ್ಲಾಡ್ತಿಲ್ಲ! ಏನಾದ್ರೂ ಮಾಡಿ!"

ಸ್ವಿಚ್ಚು ಎಕ್ಸ್‌ಪರ್ಟನ ಬೆನ್ನ ಹಿಂದೆಯೇ ಇತ್ತು. ತಿರುಗಿ ನೋಡಿದ: ಡಬ್ಬಿಯ ದೀಪಗಳೆಲ್ಲ ಹಸಿರು. ಯಾರೂ ಮುಟ್ಟಿಲ್ಲ. ಹಾಗಾದರೆ?

"ಅಣ್ಣಾ, ಏಳಿ, ಏಳಿ! ಆಫ್ ಮಾಡಿ ಆನ್ ಮಾಡಿ!" ಎಂದು ಟೈಲರಕ್ಕ ನುಗ್ಗಿದಳು.

"ಸಾರ್, ಸ್ವಿಚ್! ಸ್ವಿಚ್ ಒತ್ತಿ ಸಾರ್!" ಏಜೆಂಟ್ ಇನ್ನೊಂದು ಕಡೆಯಿಂದ ಕೈ ತೂರಿಸಿದ.

"ನೂರು ಎಣಿಸ್ಬೇಕು, ನೂರು!" ಎಂದರು ಮೇಷ್ಟ್ರು.

ಮೂವರೂ ಒಂದೇ ಸಲ ನಿಂತರು. ಒಬ್ಬರ ಮುಖ ಒಬ್ಬರು ನೋಡಿದರು.

"ನಿಮಗೆ ಹೇಗೆ ಗೊತ್ತು ಸ್ವಿಚ್ಚಿನ ವಿಷಯ?" ಎಂದಳು ಟೈಲರಕ್ಕ.

"ನನಗೆ ಎಕ್ಸ್‌ಪರ್ಟ್ ಸಾರ್ ಹೇಳಿದ್ದು. ನನಗೆ ಮಾತ್ರ ಅಂತ," ಎಂದ ಏಜೆಂಟ್.

"ನನಗೂ ಮಾತ್ರ ಅಂತಲೇ ಹೇಳಿದ್ದು!" ಎಂದರು ಮೇಷ್ಟ್ರು, ಮೋಸ ಹೋದ ದನಿಯಲ್ಲಿ.

"ಈಗ ಅದೆಲ್ಲ ಯಾಕೆ, ಒತ್ರೀ!" ಎಂದು ಮೇಲಿನಿಂದ ಅತ್ತೆ.

ಎಕ್ಸ್‌ಪರ್ಟ್ ಎರಡೂ ಕೈ ಚಾಚಿ ಗೂಡಿಗೆ ಅಡ್ಡ ನಿಂತ. ಆತನಿಗೆ ಗೊತ್ತಿದ್ದದ್ದು ಒಂದೇ ಒಂದು: ಈಗ ಸ್ವಿಚ್ ಒತ್ತಿದರೆ ಹೆಂಡತಿಯ ಲೈನು ತಪ್ಪುತ್ತದೆ. ತಪ್ಪಿದರೆ ಮತ್ತೆ ಕರೆಯುವುದಿಲ್ಲ. ಒತ್ತದಿದ್ದರೆ ಏನಾಗುತ್ತದೆಂದು ಆತನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವನು ತಾನೇ ಆಗಿದ್ದ.

"ಯಾರೂ ಮುಟ್ಟಬೇಡಿ," ಎಂದ. "ನಾನು ಎಕ್ಸ್‌ಪರ್ಟೂ ಅಲ್ಲ, ಏನೂ ಅಲ್ಲ. ಅವತ್ತು ನಾನು ಏನೂ ನೋಡಿರ್ಲಿಲ್ಲ ಮೇಷ್ಟ್ರೇ. ಛತ್ರಿ ತಗುಲ್ತು, ಅಷ್ಟೆ. ನಾನು ಬಣ್ಣದ ಡಬ್ಬಿ ಕಾಯೋನು. ಎಲ್ಲರೂ ಇದನ್ನ ಒತ್ತೀ ಒತ್ತೀನೇ ಇದು ಹೋಗ್ತಾ ಇರೋದು. ನಿನ್ನೆ ಈ ಸೈಕಲ್ ಹಿಂದೆ ಕೂತು ನೋಡಿದೀನಿ, ನೀವು ಮೂರೂ ಜನ ಬಂದ್ರಿ. ನಾನೂ ಒತ್ತೋಕೇ ಬಂದಿದ್ದೆ."

ಮೇಷ್ಟ್ರ ಕೈ ಕಿವಿಗೆ ಹೋಯಿತು.

"ಹಾಗಾದ್ರೆ ನನ್ನ ಕಿವಿ ಮೆಷಿನ್ನು?" ಎಂದರು.

"ಸೆಲ್ ಹಾಕಿದೆ ಮೇಷ್ಟ್ರೇ. ಸೆಲ್ ಖಾಲಿಯಾಗಿತ್ತು."

"ನಿಮ್ಮ ಹೆಂಡತಿ ಅಣ್ಣ?" ಎಂದಳು ಟೈಲರಕ್ಕ. ಆಕೆ ಆಗಲೇ ಆತನ ಅಳತೆಗೆ ಬಟ್ಟೆ ಕತ್ತರಿಸಿದ್ದಳು.

"ಕಂಪನಿಯವನು."

"ಸದ್ಯ!" ಎಂದರು ಮೇಲಿನಿಂದ ಅತ್ತೆ. "ನಿನ್ನೆಯಿಂದ ಯೋಚನೆ ಮಾಡಿ ಮಾಡಿ ಸಾಕಾಗಿತ್ತು ನನಗೆ."

ಕೆಳಗಿನ ನಾಲ್ಕೂ ಜನ ತಲೆಯೆತ್ತಿ ಆ ಮನೆಯ ಬಾಗಿಲನ್ನೇ ನೋಡುತ್ತ ನಿಂತರು. ಸುಮ್ಮನೆ ನಿಲ್ಲುವುದು ಎಂಥ ದೊಡ್ಡ ಕೆಲಸ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಏಜೆಂಟನ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಸ್ವಿಚ್ ಒತ್ತುತ್ತಿದ್ದವು. ಮೇಷ್ಟ್ರು ಮನಸ್ಸಿನಲ್ಲಿ ಎಣಿಸುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು. ಎಕ್ಸ್‌ಪರ್ಟ್, ಅಂದರೆ ಮಾಜಿ ಎಕ್ಸ್‌ಪರ್ಟ್, ಕೈ ಚಾಚಿಕೊಂಡೇ ನಿಂತಿದ್ದ, ಇಳಿಸುವುದು ಮರೆತುಹೋಗಿತ್ತು.

ಆಮೇಲೆ ಮೇಲಿನಿಂದ ಹೆಂಡತಿಯ ದನಿ ಕೇಳಿಸಿತು. ಸ್ಪಷ್ಟವಾಗಿ, ಶಾಂತವಾಗಿ, ರಕ್ತದ ಯಾವುದೋ ಪರೀಕ್ಷೆಯ ವಿಷಯ ಹೇಳುತ್ತಿದ್ದಳು. ಅತ್ತೆ ಕಟಕಟೆಯಿಂದ ಬಗ್ಗಿ, ಬದುಕಿನಲ್ಲಿ ಮೊದಲ ಬಾರಿಗೆ ಪಿಸುಗುಟ್ಟಿದರು: "ಬಾಯಿ ಮುಚ್ಚಿದ್ರು. ಮೂರೂ ಜನ."

ಇಂಟರ್‌ವ್ಯೂ ಮುಗಿಸಿ ಆಕೆ ಕೆಳಗೆ ಬಂದಾಗ ಆತ ಒಬ್ಬನೇ ಸ್ಟೂಲಿನ ಮೇಲೆ ಕೂತಿದ್ದ. ಅಕ್ಕಪಕ್ಕದವರು ಮನೆ ಸೇರಿದ್ದರು. ಹೋಗುವಾಗ ಮೇಷ್ಟ್ರು ಆತನನ್ನು ಹೆಸರು ಹಿಡಿದು ಕರೆದಿದ್ದರು.

"ಅವರ ಕಡೆ ಲೈನ್ ಹೋಗಿತ್ತಂತೆ," ಎಂದಳು ಆಕೆ, ಮೆಟ್ಟಿಲ ಮೇಲೆ ಕೂರುತ್ತ. "ಕ್ಷಮೆ ಕೇಳಿದ್ರು. ನಾನು ಲೈನಲ್ಲೇ ಕಾಯ್ತಾ ಇದ್ದೆನಲ್ಲ, ಅದಕ್ಕೆ ಖುಷಿಯಾದ್ರು. ನೀವು ಏನ್ ಮಾಡಿದ್ರಿ?"

"ಏನೂ ಮಾಡ್ಲಿಲ್ಲ."

"ನಿಜವಾಗ್ಲೂ?"

"ಏನೂ ಮಾಡ್ಲಿಲ್ಲ. ಬೇರೆಯವರಿಗೂ ಮಾಡೋಕೆ ಬಿಡ್ಲಿಲ್ಲ."

ಆಕೆ ನಕ್ಕಳು. ತುಂಬ ದಣಿದವರು ನಗುವ ಹಾಗೆ, ದನಿಯಿಲ್ಲದೆ. "ಮದುವೆಯಾದಾಗಿಂದ ನನಗೆ ಇಷ್ಟು ದೊಡ್ಡ ಉಪಕಾರ ಯಾರೂ ಮಾಡಿರ್ಲಿಲ್ಲ ಬಿಡಿ," ಎಂದಳು. ಆಮೇಲೆ ಸುತ್ತ ನೋಡಿ, "ಸ್ವೆಟರ್ ಎಲ್ರೀ?"

"ನಿನ್ನ ಅಣ್ಣ ಹಾಕ್ಕೊಂಡು ಹೋದ."

ಗೂಡಿಗೆ ಮೇಷ್ಟ್ರು ಒಂದು ಬೀಗ ತಂದು ಹಾಕಿಸಿದರು. ಕೀಲಿಯನ್ನು ಅತ್ತೆಯ ಕೈಗೆ ಕೊಟ್ಟರು. ಯಾರು ಕೇಳಿದರೂ "ಮಗ ಬಂದ್ರೆ ಕೊಡ್ತೀನಿ" ಎನ್ನುತ್ತಾರೆ. ಹೆಡ್ಡಾಫೀಸಿನಿಂದ ಆದೇಶ ಬಂತು. ಹಗಲು ಪಾಳಿ.

ಮೊದಲ ದಿನ ಸಂಜೆ ಆಕೆ ದೀಪ ಹಾಕುವ ಹೊತ್ತಿಗೆ ಮನೆಯಲ್ಲಿದ್ದಳು. ಆತನೂ ಇದ್ದ. ಇಬ್ಬರೂ ಟೀ ಲೋಟ ಹಿಡಿದು ನಡುಮನೆಯಲ್ಲಿ ಕೂತರು. ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಆಡುವ ಮಾತುಗಳನ್ನು ಆಡಿದ್ದಾಯಿತು. ಗ್ಯಾಸ್ ಬಂದಿತ್ತು. ಮಾತ್ರೆ ತಂದಿದ್ದಾಗಿತ್ತು. ಅದರ ಮುಂದಿನ ಮಾತು ಏನಿರುತ್ತದೆಂದು ಇಬ್ಬರಿಗೂ ಅಭ್ಯಾಸ ತಪ್ಪಿಹೋಗಿತ್ತು. ಸುಮ್ಮನೆ ಟೀವಿ ನೋಡಿದರು. ಟೀವಿಯಲ್ಲಿ ಯಾರೋ ಅಳುತ್ತಿದ್ದವರು ಹಾಗೆಯೇ ನಿಂತುಬಿಟ್ಟರು. ಮೂರನೇ ದೀಪ ಇಟ್ಟಿಗೆಯಾಯಿತು.

ಆತ ರೂಢಿಯಂತೆ ಅರ್ಧ ಎದ್ದ. ಆಕೆ ಆತನ ಅಂಗಿಯ ತುದಿ ಹಿಡಿದು ಜಗ್ಗಿದಳು.

"ಹೋಗ್ಲಿ ಬಿಡಿ. ಕೂತ್ಕೊಳ್ಳಿ."

ಆತ ಕೂತ. ಏನೋ ಹೇಳಬೇಕೆನ್ನಿಸಿ, ಗೋದಾಮಿನಲ್ಲಿ ಅವತ್ತು ಬಿಳಿಯ ಡಬ್ಬಿಯೊಂದು ಸೋರಿ ಮ್ಯಾನೇಜರನ ಬೂಟು ನೆಲಕ್ಕೆ ಅಂಟಿಕೊಂಡ ಕಥೆ ಹೇಳತೊಡಗಿದ. ಆಕೆ, ಯಾವ ಬಿಳಿ, ಎಂದು ಕೇಳಿದಳು. ಇಂಟರ್ನೆಟ್ಟು ಮತ್ತೆ ಯಾವಾಗ ಬಂತೋ ಇಬ್ಬರೂ ನೋಡಲಿಲ್ಲ.